ಎಲ್‌ಎಸ್, ಸುಡೊ ಕುಸಿದು ಬೀಳುತ್ತಿವೆಯೇ? ಫಾರ್ಮ್ಯಾಟ್ ಮಾಡುವ ಮೊದಲು ಇದನ್ನು ಓದಿ

ಕಂಪ್ಯೂಟರ್ ಶುರುವಾಗುತ್ತದೆ. ಲಿನಕ್ಸ್ ಡೆಸ್ಕ್‌ಟಾಪ್ ಕೂಡ ಬರುತ್ತದೆ. ಆದರೆ ಟರ್ಮಿನಲ್ ತೆರೆದು ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್ -ಎಲ್’ ಕೊಟ್ಟರೆ ‘ಸೆಗ್ಮೆಂಟೇಶನ್ ಫಾಲ್ಟ್’, ಅಂದರೆ ಪ್ರೋಗ್ರಾಂ ಮಧ್ಯದಲ್ಲೇ ಕುಸಿಯಿತು ಅಂತ ಬರುತ್ತದೆ. ಮೇಲಿನ ಅಧಿಕಾರದಲ್ಲಿ ಕಮಾಂಡ್ ಓಡಿಸುವ ‘ಸುಡೊ’ ಕೊಟ್ಟರೆ ಕೆಲಸ ಶುರುವಾಗುವ ಮೊದಲೇ ಬಿದ್ದುಹೋಗುತ್ತದೆ. ಬಳಕೆದಾರನ ವಿವರ ತೋರಿಸುವ ‘ಐಡಿ’ ಮುಂದೆ ಯಾರದಾದರೂ ಹೆಸರು ಕೊಟ್ಟರೂ ಅದೇ ಕಥೆ. ಇತ್ತ ‘ಡೇಟ್’, ‘ಕ್ಯಾಟ್’, ‘ಪಿಡಬ್ಲ್ಯೂಡಿ’ ಮಾತ್ರ ಏನೂ ಆಗದ ಹಾಗೆ ಓಡುತ್ತವೆ. ಇದನ್ನು ಕಂಡವರು ಮೊದಲು ಅನುಮಾನಪಡುವುದು ಹಾರ್ಡ್‌ಡಿಸ್ಕ್ ಮೇಲೆ. ಆಮೇಲೆ ರ‍್ಯಾಮ್ ಮೇಲೆ. ಕೊನೆಗೆ ವೈರಸ್ ಇರಬೇಕು ಅಂತ ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಬಹಳ ಸಲ ಇದು ಒಂದು ಫೈಲಿನ ಮೂರು ಸಾಲು ತಿದ್ದಿದರೆ ಹೋಗುವ ತೊಂದರೆ.

ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕಲಿತು ಹೋದ ಹುಡುಗರು ಜಮಖಂಡಿ, ಮುಧೋಳ, ಇಳಕಲ್ ಕಡೆಯಿಂದ ಫೋನ್ ಮಾಡುತ್ತಲೇ ಇರುತ್ತಾರೆ. ಫೋನಿನಲ್ಲಿ ಪರದೆ ಕಾಣುವುದಿಲ್ಲ. ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಅದೇ ರೂಢಿಯಲ್ಲಿ ಇಲ್ಲೂ ಕಮಾಂಡುಗಳನ್ನು ಹೇಳುವ ಹಾಗೆಯೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ. ಬೇರೆ ಇದ್ದ ಕಡೆ ಹೇಳುತ್ತೇನೆ.

ಹುನಗುಂದದ ಹತ್ತಿರದ ಒಂದು ಸರ್ಕಾರಿ ಶಾಲೆಗೆ ಯಾವುದೋ ಕಚೇರಿಯ ಹಳೆಯ ಕಂಪ್ಯೂಟರ್‌ಗಳು ದಾನವಾಗಿ ಬಂದಿದ್ದವು. ಅಲ್ಲಿಯ ಮಾಸ್ತರ್ ಫೋನ್ ಮಾಡಿದರು.

“ಸರ್ರ, ಎಲ್‌ಎಸ್ ಹೊಡದ್ರ ಸೆಗ್ಮೆಂಟೇಶನ್ ಫಾಲ್ಟ್ ಅಂತ ಬರಾಕತ್ತೈತ್ರಿ. ಡಿಸ್ಕ್ ಹೋಗೇತೇನ್ರಿ?”

“ಡಿಸ್ಕಿಗೇನೂ ಆಗಿಲ್ರಿ ಮಾಸ್ತರ್ರ. ಮೊದಲ ಆ ಟರ್ಮಿನಲ್ ಮುಚ್ಚಬ್ಯಾಡ್ರಿ.”

ಕಚೇರಿಯಲ್ಲಿ ಎಲ್ಲರ ಲಾಗಿನ್ ಒಂದೇ ಸರ್ವರ್‌ನಲ್ಲಿ ಇರುತ್ತಿತ್ತು. ಅದಕ್ಕೆ ಎಲ್‌ಡ್ಯಾಪ್ ಅಂತಾರೆ. ಕಂಪ್ಯೂಟರ್ ಕೊಡುವಾಗ ಸರ್ವರ್‌ನ ವಿಳಾಸ, ಪಾಸ್‌ವರ್ಡ್ ಇದ್ದ ಫೈಲನ್ನು ಅಳಿಸಿದ್ದರು. ಅದು ಸರಿಯೇ. ಆದರೆ ‘ಹೆಸರು ಸಿಗದಿದ್ದರೆ ಎಲ್‌ಡ್ಯಾಪ್‌ನಲ್ಲಿ ಕೇಳು’ ಅನ್ನುವ ಸಾಲು ಹಾಗೇ ಉಳಿದಿತ್ತು. ಯಾರನ್ನು ಕೇಳಬೇಕು ಅನ್ನುವುದು ಗೊತ್ತಿಲ್ಲ, ಆದರೂ ಕೇಳಲೇಬೇಕು. ಅಲ್ಲಿಂದ ಈ ಕುಸಿತ ಶುರು.

ಒಳಗೆ ಆಗುವುದೇನು

ಲಿನಕ್ಸ್‌ನಲ್ಲಿ ಫೈಲಿನ ಮಾಲೀಕನ ಹೆಸರು ಡಿಸ್ಕ್ ಮೇಲೆ ಇರುವುದಿಲ್ಲ. ಬರೀ ನಂಬರ್ ಇರುತ್ತದೆ. 0 ಅಂದರೆ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ), 1000 ಅಂದರೆ ಸಾಮಾನ್ಯವಾಗಿ ನೀವು ಮಾಡಿದ ಮೊದಲ ಬಳಕೆದಾರ. ‘ಎಲ್‌ಎಸ್ -ಎಲ್’ ಆ ನಂಬರನ್ನು ಹೆಸರು ಮಾಡಿ ತೋರಿಸಬೇಕು. ಅದಕ್ಕಾಗಿ ಜಿಲಿಬ್‌ಸಿ ಅನ್ನುವ, ಪ್ರೋಗ್ರಾಮುಗಳೆಲ್ಲ ಹಂಚಿಕೊಂಡು ಬಳಸುವ ಮೂಲ ಲೈಬ್ರರಿಯನ್ನು ಕೇಳುತ್ತದೆ. ಜಿಲಿಬ್‌ಸಿ ಹೋಗಿ ‘/ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್’ ಫೈಲನ್ನು ನೋಡುತ್ತದೆ. ಅದರಲ್ಲಿ ಇಂಥ ಸಾಲುಗಳಿರುತ್ತವೆ:

ಪಾಸ್‌ಡಬ್ಲ್ಯೂಡಿ: ಫೈಲ್ಸ್ ಎಲ್‌ಡ್ಯಾಪ್
ಗ್ರೂಪ್: ಫೈಲ್ಸ್ ಎಲ್‌ಡ್ಯಾಪ್
ಶ್ಯಾಡೋ: ಫೈಲ್ಸ್ ಎಲ್‌ಡ್ಯಾಪ್

ಬಳಕೆದಾರರು, ಗ್ರೂಪುಗಳು, ಪಾಸ್‌ವರ್ಡುಗಳ ಸಾಲು ಇವು. ಮೊದಲು ಇದೇ ಕಂಪ್ಯೂಟರಿನ ಫೈಲಿನಲ್ಲಿ ಹುಡುಕು, ಅಲ್ಲಿ ಸಿಗದಿದ್ದರೆ ಎಲ್‌ಡ್ಯಾಪ್ ಕೇಳು ಅಂತ ಇದರ ಅರ್ಥ. ‘ಎಲ್‌ಡ್ಯಾಪ್’ ಸರದಿ ಬಂದ ಕೂಡಲೇ ಜಿಲಿಬ್‌ಸಿ ಅದೇ ಹೆಸರಿನ ಲೈಬ್ರರಿಯನ್ನು ಹುಡುಕಿ ತರುತ್ತದೆ. ಅದು ‘ಲಿಬ್‌ಎನ್‌ಎಸ್‌ಎಸ್_ಎಲ್‌ಡ್ಯಾಪ್.ಎಸ್‌ಒ.2’. ಈ ವ್ಯವಸ್ಥೆ ಸನ್ ಕಂಪನಿಯ ಸೋಲಾರಿಸ್ 2ರಿಂದ ಬಂದದ್ದು, ಯೋಚನೆ ಚೆನ್ನಾಗಿಯೇ ಇದೆ.

ಮುಖ್ಯ ವಿಷಯ ಇಲ್ಲಿದೆ. ಆ ಲೈಬ್ರರಿ ಬೇರೆ ಪ್ರೋಗ್ರಾಂ ಆಗಿ ಓಡುವುದಿಲ್ಲ. ‘ಎಲ್‌ಎಸ್’ನ ಹೊಟ್ಟೆಯೊಳಗೇ ಬಂದು ಕೂರುತ್ತದೆ. ‘ಸುಡೊ’ದೊಳಗೂ ಅದೇ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ‘ಕ್ರಾನ್’ನೊಳಗೂ ಅದೇ, ದೂರದಿಂದ ಲಾಗಿನ್ ಆಗುವ ‘ಎಸ್‌ಎಸ್‌ಎಚ್’ನೊಳಗೂ ಅದೇ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಬಿದ್ದರೆ ಇನ್ನೊಂದೂ ನಿಲ್ಲಲೇಬೇಕಲ್ಲ, ಹಾಗೆ. ಸೆಟ್ಟಿಂಗ್ ಫೈಲ್ ಇಲ್ಲದಿದ್ದರೆ ಆ ಲೈಬ್ರರಿ ‘ನನ್ನ ಹತ್ತಿರ ಉತ್ತರ ಇಲ್ಲ’ ಅಂತ ಹೇಳಿ ಮರಳಬೇಕು. ಹಾಗೆ ಹೇಳುವ ಜಾಗದಲ್ಲಿ ಅದರಲ್ಲಿ ದೋಷವಿದ್ದರೆ ಅದೂ ಬೀಳುತ್ತದೆ, ಅದನ್ನು ಕರೆದ ಪ್ರೋಗ್ರಾಮೂ ಬೀಳುತ್ತದೆ. ‘ಎಲ್‌ಎಸ್’ನ ತಪ್ಪು ಏನೂ ಇಲ್ಲ.

ಒಂದು ಫೋಲ್ಡರ್‌ನಲ್ಲಿ ‘ಎಲ್‌ಎಸ್ -ಎಲ್’ ಸರಿಯಾಗಿ ಓಡಿ ಇನ್ನೊಂದರಲ್ಲಿ ಬೀಳುವುದೂ ಇದೇ ಕಾರಣಕ್ಕೆ. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಇಳಕಲ್‌ನ ಒಂದು ಸೀರೆ ಅಂಗಡಿಯಲ್ಲಿ ಹೀಗೇ ಆಗಿತ್ತು. ಹಳೆಯ ಲೆಕ್ಕದ ಬ್ಯಾಕಪ್ ಡಿಸ್ಕ್ ಹಾಕಿದಾಗ ಮಾತ್ರ ‘ಎಲ್‌ಎಸ್’ ಬೀಳುತ್ತಿತ್ತು. ಆ ಡಿಸ್ಕೇ ಕೆಟ್ಟಿದೆ ಅಂತ ಅವರು ತೀರ್ಮಾನ ಮಾಡಿದ್ದರು. ನಿಜವೇನೆಂದರೆ ಆ ಡಿಸ್ಕಿನ ಫೈಲುಗಳ ಮಾಲೀಕನ ನಂಬರ್ 1034. ಅಂಗಡಿಯ ಕಂಪ್ಯೂಟರಿನಲ್ಲಿ ಆ ನಂಬರಿನವರು ಯಾರೂ ಇಲ್ಲ. ಉಳಿದ ಫೋಲ್ಡರ್‌ಗಳಲ್ಲಿ 0 ಮತ್ತು 1000 ಮಾತ್ರ ಇದ್ದವು. ಅವು ‘ಫೈಲ್ಸ್’ನಲ್ಲೇ ಸಿಗುತ್ತವೆ, ಎಲ್‌ಡ್ಯಾಪ್‌ವರೆಗೆ ಹೋಗುವ ಮಾತೇ ಇಲ್ಲ. 1034 ಸಿಗಲಿಲ್ಲ, ಎಲ್‌ಡ್ಯಾಪ್ ಕರೆಯಿತು, ಬಿತ್ತು. ಡಿಸ್ಕಿನಲ್ಲಿದ್ದ ಲೆಕ್ಕವೆಲ್ಲ ಕ್ಷೇಮವಾಗಿತ್ತು.

ಹಾಗಾದರೆ ನಿಮ್ಮ ಹೆಸರು ‘ಫೈಲ್ಸ್’ನಲ್ಲಿ ಇದ್ದರೂ ‘ಸುಡೊ’ ಯಾಕೆ ಬೀಳುತ್ತದೆ? ಅದು ನಿಮ್ಮ ಹೆಸರಷ್ಟೇ ಕೇಳಿ ಬಿಡುವುದಿಲ್ಲ. ನೀವು ಯಾವ ಯಾವ ಗ್ರೂಪಿನಲ್ಲಿ ಇದ್ದೀರಿ ಅಂತಲೂ ಕೇಳುತ್ತದೆ. ಗ್ರೂಪುಗಳು ಒಂದಕ್ಕಿಂತ ಹೆಚ್ಚು ಕಡೆ ಇರಬಹುದು. ಅದಕ್ಕೆ ಜಿಲಿಬ್‌ಸಿ ಸಾಲಿನಲ್ಲಿರುವ ಎಲ್ಲರನ್ನೂ ಕೇಳಿ ಒಟ್ಟುಗೂಡಿಸುತ್ತದೆ. ಹೀಗಾಗಿ ಎಲ್‌ಡ್ಯಾಪ್ ಕಡೆಗೆ ಹೋಗದೆ ಬೇರೆ ದಾರಿ ಇಲ್ಲ. ಬೇರೆ ಬಳಕೆದಾರನಾಗಿ ಬದಲಾಗುವ ‘ಎಸ್‌ಯು’, ಲಾಗಿನ್, ‘ಕ್ರಾನ್’ ಕೂಡ ಇದನ್ನೇ ಮಾಡುತ್ತವೆ.

ಇದೇ ಕಾಯಿಲೆಯೇ ಅಂತ ಖಾತ್ರಿ ಮಾಡಿಕೊಳ್ಳುವುದು

ಮೊದಲು ‘ಎಲ್‌ಎಸ್ -ಎನ್’ ಕೊಡಿ. ಇದು ಹೆಸರು ಕೇಳುವುದಿಲ್ಲ, ನಂಬರನ್ನೇ ತೋರಿಸುತ್ತದೆ. ‘-ಎಲ್’ ಬಿದ್ದು ‘-ಎನ್’ ಓಡಿದರೆ ಮುಕ್ಕಾಲು ಪಾಲು ಉತ್ತರ ಸಿಕ್ಕ ಹಾಗೆ. ಆ ನಂಬರುಗಳಲ್ಲಿ ನಿಮಗೆ ಪರಿಚಯ ಇಲ್ಲದ್ದನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ಈ ಎರಡನ್ನು ಒಂದಾದ ಮೇಲೊಂದು ಕೊಡಿ. 1034ರ ಬದಲು ನೀವು ಬರೆದುಕೊಂಡ ನಂಬರ್ ಹಾಕಿ:

ಗೆಟೆಂಟ್ -ಎಸ್ ಫೈಲ್ಸ್ ಪಾಸ್‌ಡಬ್ಲ್ಯೂಡಿ 1034
ಗೆಟೆಂಟ್ -ಎಸ್ ಎಲ್‌ಡ್ಯಾಪ್ ಪಾಸ್‌ಡಬ್ಲ್ಯೂಡಿ 1034

‘-ಎಸ್’ ಅಂದರೆ ಇವರನ್ನು ಮಾತ್ರ ಕೇಳು ಅಂತ. ಮೊದಲನೆಯದು ಏನೂ ತೋರಿಸದೆ ಸುಮ್ನೆ ಮರಳಿ, ಎರಡನೆಯದು ಕುಸಿದರೆ ಅಪರಾಧಿ ಸಿಕ್ಕಿತು. ನಿಮ್ಮ ಸಾಲಿನಲ್ಲಿ ‘ಎಲ್‌ಡ್ಯಾಪ್’ ಬದಲು ‘ಎಸ್‌ಎಸ್‌ಎಸ್’, ‘ವಿನ್‌ಬೈಂಡ್’ ಅಥವಾ ‘ಎನ್‌ಐಎಸ್’ ಇರಬಹುದು. ಆ ಹೆಸರನ್ನೇ ಹಾಕಿ ನೋಡಿ. ಇಷ್ಟು ಸರಳವಾಗಿ, ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ನಾನು ಫೋನಿನಲ್ಲಿ ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ.

ಇನ್ನೂ ಸಾಕ್ಷಿ ಬೇಕೆಂದರೆ ಕರ್ನಲ್ ಲಾಗ್, ಅಂದರೆ ಲಿನಕ್ಸ್‌ನ ಒಳತಿರುಳು ಬರೆದಿಡುವ ದಾಖಲೆ ಇದೆ. ‘ಡಿಮೆಸ್ಜ್’ ಅಥವಾ ‘ಜರ್ನಲ್‌ಸಿಟಿಎಲ್ -ಕೆ’ ಕೊಟ್ಟು ಕೊನೆಯ ಕೆಲವು ಸಾಲುಗಳಲ್ಲಿ ‘ಸೆಗ್‌ಫಾಲ್ಟ್’ ಅಂತ ಇರುವ ಸಾಲು ನೋಡಿ. ಬಿದ್ದ ಪ್ರೋಗ್ರಾಮಿನ ಹೆಸರು ಮೊದಲು ಇರುತ್ತದೆ. ಸಾಲಿನ ಕೊನೆ ಕಡೆ ಯಾವ ಲೈಬ್ರರಿಯೊಳಗೆ ಬಿತ್ತು ಅನ್ನುವುದೂ ಇರುತ್ತದೆ. ಅಲ್ಲಿ ‘ಲಿಬ್‌ಎನ್‌ಎಸ್‌ಎಸ್_ಎಲ್‌ಡ್ಯಾಪ್’ ಅಂತ ಕಂಡರೆ ಮುಗಿಯಿತು. ಪ್ರೋಗ್ರಾಂ ಹೆಜ್ಜೆ ಹೆಜ್ಜೆಗೂ ಏನು ಕೇಳಿತು ಅಂತ ತೋರಿಸುವ ‘ಎಸ್‌ಟ್ರೇಸ್’ ಇದ್ದರೆ ‘ಎಸ್‌ಟ್ರೇಸ್ ಎಲ್‌ಎಸ್ -ಎಲ್’ ಕೊಡಿ. ಬೀಳುವ ಮೊದಲು ಯಾವ ಫೈಲನ್ನು ತೆರೆಯಲು ಹೋಗಿ ‘ಇಲ್ಲ’ ಅನ್ನುವ ಉತ್ತರ ಬಂತು ಅನ್ನುವುದು ಕೊನೆಯ ಕೆಲವು ಸಾಲುಗಳಲ್ಲೇ ಕಾಣುತ್ತದೆ.

ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳ ಪಟ್ಟಿ ತೋರಿಸುವ ‘ಎಲ್‌ಡಿಡಿ’ ಕೊಟ್ಟು ನೋಡಿ ‘ಎಲ್‌ಎಸ್‌ಗೆ ಎಲ್‌ಡ್ಯಾಪ್ ಲೈಬ್ರರಿಯ ಸಂಬಂಧವೇ ಇಲ್ವಲ್ಲ ಸರ್’ ಅನ್ನುವವರೂ ಇದ್ದಾರೆ. ಅದರಲ್ಲಿ ಕಾಣುವುದೇ ಇಲ್ಲ. ಈ ಲೈಬ್ರರಿ ಓಡುವ ಹೊತ್ತಿನಲ್ಲಿ, ಬೇಕಾದಾಗ ಮಾತ್ರ ಒಳಗೆ ಬರುತ್ತದೆ.

ಸಿಕ್ಕ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಎನ್‌ಎಸ್‌ಸಿಡಿ ಅನ್ನುವ ಸೇವೆ ಓಡುತ್ತಿದ್ದರೆ ಲಕ್ಷಣ ಬೇರೆ. ಆಗ ಹೆಸರಿನ ಪ್ರಶ್ನೆಗಳೆಲ್ಲ ಅದರ ಕಡೆ ಹೋಗುತ್ತವೆ. ಬೀಳುವುದೂ ಅದೇ. ಅದು ಬಿದ್ದ ಮೇಲೆ ಉಳಿದ ಪ್ರೋಗ್ರಾಮುಗಳು ಲೈಬ್ರರಿಯನ್ನು ತಾವೇ ಕರೆಯಲು ಶುರು ಮಾಡುತ್ತವೆ, ತಾವೂ ಬೀಳುತ್ತವೆ. ಬೆಳಗ್ಗೆ ಎಲ್ಲ ಸರಿ ಇತ್ತು, ಮಧ್ಯಾಹ್ನ ಕೆಟ್ಟಿತು ಅಂದರೆ ಇದನ್ನೊಮ್ಮೆ ನೋಡಿ.

ರಿಪೇರಿ: ರೂಟ್ ಶೆಲ್ ಕೈಯಲ್ಲಿದ್ದರೆ

ಎಲ್ಲಿಯಾದರೂ ಒಂದು ರೂಟ್ ಟರ್ಮಿನಲ್ ತೆರೆದಿದ್ದರೆ ಅದನ್ನು ಕಣ್ಣಿನ ಹಾಗೆ ಕಾಪಾಡಿ. ಲಾಗೌಟ್ ಆಗಬೇಡಿ, ರೀಬೂಟ್ ಮಾಡಬೇಡಿ. ಮೊದಲು ಪ್ರತಿ ಇಟ್ಟುಕೊಳ್ಳಿ:

ಸಿಪಿ /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್ /ಇಟಿಸಿ/ಎನ್‌ಎಸ್‌ಸ್ವಿಚ್.ಹಳೇದು

ಕೊನೆಯ ಹೆಸರು ನಿಮಗೆ ತಿಳಿದದ್ದು ಕೊಡಿ. ಆಮೇಲೆ ‘ನ್ಯಾನೊ’ದಲ್ಲಿ ಮೂಲ ಫೈಲ್ ತೆರೆಯಿರಿ. ಪಾಸ್‌ಡಬ್ಲ್ಯೂಡಿ, ಗ್ರೂಪ್, ಶ್ಯಾಡೋ ಈ ಮೂರೂ ಸಾಲಿನಿಂದ ‘ಎಲ್‌ಡ್ಯಾಪ್’ ಪದವನ್ನು ಮಾತ್ರ ತೆಗೆಯಿರಿ. ‘ಫೈಲ್ಸ್’ ಇರಲಿ. ‘ಸಿಸ್ಟಮ್‌ಡಿ’ ಅಂತ ಇದ್ದರೆ ಅದೂ ಇರಲಿ. ‘ಹೋಸ್ಟ್ಸ್’ ಸಾಲನ್ನು ಮುಟ್ಟಬೇಡಿ, ಅದು ಇಂಟರ್‌ನೆಟ್ ವಿಳಾಸ ಹುಡುಕುವ ಸಾಲು. ಕೆಳಗೆ ‘ಸುಡೋಅರ್ಸ್’, ‘ನೆಟ್‌ಗ್ರೂಪ್’, ‘ಆಟೋಮೌಂಟ್’ ಸಾಲುಗಳಿದ್ದರೆ ಅಲ್ಲಿಂದಲೂ ತೆಗೆಯಿರಿ. ಉಳಿಸಿ ಹೊರಬನ್ನಿ. ಈಗ ‘ಎಲ್‌ಎಸ್ -ಎಲ್’ ಕೊಡಿ. 1034 ಇದ್ದ ಕಡೆ ಹೆಸರಿನ ಬದಲು ನಂಬರ್ ಬರುತ್ತದೆ, ಅಷ್ಟೇ. ಅದು ದೋಷವಲ್ಲ.

ಈಗಾಗಲೇ ಓಡುತ್ತಿರುವ ಸೇವೆಗಳ ಬಗ್ಗೆ ಒಂದು ಮಾತು. ಜಿಲಿಬ್‌ಸಿ 2.33ರಿಂದ ಈಚೆಗೆ ಈ ಫೈಲ್ ಬದಲಾದರೆ ತಾನೇ ಮತ್ತೆ ಓದಿಕೊಳ್ಳುತ್ತದೆ. ಅದಕ್ಕಿಂತ ಹಳೆಯದಾದರೆ ‘ಕ್ರಾನ್’, ‘ಎಸ್‌ಎಸ್‌ಎಚ್‌ಡಿ’ ಮುಂತಾದವನ್ನು ರೀಸ್ಟಾರ್ಟ್ ಮಾಡಬೇಕು. ದಾನದ ಕಂಪ್ಯೂಟರ್‌ಗಳಲ್ಲಿ ಬಹುಪಾಲು ಹಳೆಯದೇ ಇರುತ್ತದೆ.

ಲಾಗಿನ್ನೇ ಆಗದಿದ್ದರೆ

ಶಾಲೆಯ ಮಾಸ್ತರಿಗೆ ರೂಟ್ ಶೆಲ್ ಇರಲಿಲ್ಲ. ಹೆಚ್ಚಿನವರಿಗೆ ಇರುವುದಿಲ್ಲ. ಆಗ ಲಿನಕ್ಸನ್ನು ಶುರು ಮಾಡಿಸುವ ಗ್ರಬ್ ದಾರಿ. ಕಂಪ್ಯೂಟರ್ ಶುರುವಾಗುವಾಗ ಗ್ರಬ್ ಮೆನು ಬಂದ ಕೂಡಲೇ ‘ಇ’ ಕೀಲಿ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಉದ್ದ ಸಾಲು ಹುಡುಕಿ. ಅದರಲ್ಲಿ ‘ಕ್ವೈಟ್ ಸ್ಪ್ಲ್ಯಾಶ್’ ಇದ್ದರೆ ತೆಗೆಯಿರಿ. ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ‘ಇನಿಟ್=/ಬಿನ್/ಬ್ಯಾಶ್’ ಸೇರಿಸಿ. ಕಂಟ್ರೋಲ್ ಮತ್ತು ಎಕ್ಸ್ ಒತ್ತಿ.

ನೇರವಾಗಿ ರೂಟ್ ಶೆಲ್ ಬರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಆದರೆ ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ. ಬರೆಯಲು ಹೀಗೆ ಕೊಡಿ:

ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /

ಅಲ್ಪವಿರಾಮದ ಅಕ್ಕಪಕ್ಕ ಜಾಗ ಬಿಡಬಾರದು. ಫೋನಿನಲ್ಲಿ ಹೇಳುವಾಗ ಜಾಸ್ತಿ ತಪ್ಪುವುದು ಇಲ್ಲೇ. ಆಮೇಲೆ ಮೇಲೆ ಹೇಳಿದ ತಿದ್ದುಪಡಿ ಮಾಡಿ. ‘ಸಿಂಕ್’ ಕೊಟ್ಟು, ‘ರೀಬೂಟ್ -ಎಫ್’ ಕೊಡಿ. ಫೆಡೋರಾ, ರೆಡ್‌ಹ್ಯಾಟ್ ಕಡೆಯ ಲಿನಕ್ಸ್ ಆದರೆ ರೀಬೂಟಿಗೆ ಮೊದಲು ‘ಟಚ್ /.ಆಟೋರಿಲೇಬಲ್’ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎಸ್‌ಇಲಿನಕ್ಸ್ ಅನ್ನುವ ಭದ್ರತಾ ವ್ಯವಸ್ಥೆ ಹೊಸ ಫೈಲನ್ನು ಒಪ್ಪದೆ ಇನ್ನೊಂದು ತಲೆನೋವು ಶುರುವಾಗುತ್ತದೆ. ರಿಲೇಬಲ್ ಆಗುವಾಗ, ಅಂದರೆ ಫೈಲುಗಳಿಗೆ ಭದ್ರತೆಯ ಗುರುತು ಮತ್ತೆ ಹಾಕುವಾಗ ಸಮಯ ಹಿಡಿಯುತ್ತದೆ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗುವುದಿಲ್ಲ, ಯುಪಿಎಸ್ ಇರುವ ಕಡೆ ಮಾಡಿ.

ಗ್ರಬ್‌ಗೇ ಪಾಸ್‌ವರ್ಡ್ ಇದ್ದರೆ ಲೈವ್ ಪೆನ್‌ಡ್ರೈವ್ ಹಾಕಿ. ಒಳಗಿನ ಡಿಸ್ಕನ್ನು ‘/ಎಂಎನ್‌ಟಿ’ಗೆ ಮೌಂಟ್ ಮಾಡಿ, ‘/ಎಂಎನ್‌ಟಿ/ಇಟಿಸಿ’ ಒಳಗಿನ ಫೈಲನ್ನು ತಿದ್ದಿ. ‘ಸಿಎಚ್‌ರೂಟ್’ (ಆ ಡಿಸ್ಕನ್ನೇ ಮೂಲವಾಗಿ ಮಾಡಿಕೊಳ್ಳುವುದು) ಮಾಡಬೇಡಿ. ಮಾಡಿದರೆ ಒಳಗಿನ ಡಿಸ್ಕಿನ ಅದೇ ಸೆಟ್ಟಿಂಗ್, ಅದೇ ಲೈಬ್ರರಿ ಬಳಕೆಗೆ ಬರುತ್ತವೆ. ಅಲ್ಲೂ ಕಮಾಂಡುಗಳು ಬೀಳುತ್ತವೆ.

ಪ್ಯಾಮ್ ಅನ್ನು ಮರೆಯಬೇಡಿ

ಹೆಸರು ಹುಡುಕುವುದು ಒಂದು, ಪಾಸ್‌ವರ್ಡ್ ನೋಡುವುದು ಇನ್ನೊಂದು. ಎರಡನೆಯದು ಪ್ಯಾಮ್ ಕೆಲಸ. ಅದರ ಫೈಲುಗಳು ‘/ಇಟಿಸಿ/ಪ್ಯಾಮ್.ಡಿ’ಯಲ್ಲಿ ಇರುತ್ತವೆ. ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಎನ್‌ಎಸ್‌ಸ್ವಿಚ್‌ನಲ್ಲಿ ಹೆಸರಿದ್ದು ಲೈಬ್ರರಿ ಫೈಲೇ ಇಲ್ಲದಿದ್ದರೆ ಜಿಲಿಬ್‌ಸಿ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಏನೂ ಆಗುವುದಿಲ್ಲ. ಪ್ಯಾಮ್ ಹಾಗಲ್ಲ. ‘ರಿಕ್ವಾಯರ್ಡ್’ ಅಂತ ಬರೆದ ಮಾಡ್ಯೂಲ್ ಸಿಗದಿದ್ದರೆ ಲಾಗಿನ್ ಬಾಗಿಲೇ ಮುಚ್ಚುತ್ತದೆ. ಹಾಗಾಗಿ ಪ್ಯಾಕೇಜನ್ನು ಒಮ್ಮೆಲೇ ಕಿತ್ತು ಹಾಕಬೇಡಿ.

ಉಬುಂಟು, ಡೆಬಿಯನ್‌ನಲ್ಲಿ ಎನ್‌ಎಸ್‌ಸ್ವಿಚ್ ತಿದ್ದಿದ ಮೇಲೆ ‘ಪ್ಯಾಮ್-ಆಥ್-ಅಪ್‌ಡೇಟ್’ ಕೊಡಿ. ಬರುವ ಪಟ್ಟಿಯಲ್ಲಿ ಎಲ್‌ಡ್ಯಾಪ್ ಮುಂದಿನ ಗುರುತು ತೆಗೆಯಿರಿ. ಯುನಿಕ್ಸ್ ಗುರುತು ಇರಲಿ. ಯಾರಾದರೂ ಮೊದಲೇ ಕೈಯಿಂದ ತಿದ್ದಿದ್ದರೆ ಅದು ಬದಲಾಯಿಸಲು ಒಪ್ಪುವುದಿಲ್ಲ. ಆಗ ‘--ಫೋರ್ಸ್’ ಬೇಕು. ಅದಾದ ಮೇಲೆ ಪ್ಯಾಕೇಜ್ ತೆಗೆಯುವುದು:

ಆಪ್ಟ್ ಪರ್ಜ್ ಲಿಬ್‌ಎನ್‌ಎಸ್‌ಎಸ್-ಎಲ್‌ಡ್ಯಾಪ್ ಲಿಬ್‌ಪ್ಯಾಮ್-ಎಲ್‌ಡ್ಯಾಪ್

ಎಲ್‌ಡ್ಯಾಪ್ ಕೊನೆಗೆ ‘ಡಿ’ ಸೇರಿದ ಹೆಸರುಗಳೂ ಇವೆ, ಅವುಗಳ ಜೊತೆ ‘ಎನ್‌ಎಸ್‌ಎಲ್‌ಸಿಡಿ’ ಇರುತ್ತದೆ. ನಿಮ್ಮಲ್ಲಿ ಯಾವುದಿದೆಯೋ ಅದು. ಈ ಕ್ರಮ ತಪ್ಪಬೇಡಿ: ಮೊದಲು ಎನ್‌ಎಸ್‌ಸ್ವಿಚ್, ಆಮೇಲೆ ಪ್ಯಾಮ್, ಕೊನೆಗೆ ಪ್ಯಾಕೇಜ್. ಪ್ಯಾಕೇಜ್ ತೆಗೆಯುವಾಗ ಓಡುವ ಸ್ಕ್ರಿಪ್ಟುಗಳೂ ಬಳಕೆದಾರರ ಹೆಸರು ಕೇಳಬಹುದು. ಎನ್‌ಎಸ್‌ಸ್ವಿಚ್ ತಿದ್ದದೆ ಶುರು ಮಾಡಿದರೆ ಆಪ್ಟ್ ಅರ್ಧಕ್ಕೇ ನಿಂತುಬಿಡುತ್ತದೆ.

ರೆಡ್‌ಹ್ಯಾಟ್ 8 ಮತ್ತು ಅದರ ನಂತರದವುಗಳಲ್ಲಿ ಎನ್‌ಎಸ್‌ಸ್ವಿಚ್, ಪ್ಯಾಮ್ ಈ ಎರಡೂ ‘ಆಥ್‌ಸೆಲೆಕ್ಟ್’ ಅನ್ನುವ ಸಾಧನದ ಕೈಯಲ್ಲಿವೆ. ‘ಆಥ್‌ಸೆಲೆಕ್ಟ್ ಕರೆಂಟ್’ ಕೊಟ್ಟು ಈಗ ಏನಿದೆ ನೋಡಿ, ‘ಆಥ್‌ಸೆಲೆಕ್ಟ್ ಸೆಲೆಕ್ಟ್ ಮಿನಿಮಲ್’ ಕೊಡಿ. ಹೊಸ ಫೆಡೋರಾದಲ್ಲಿ, ರೆಡ್‌ಹ್ಯಾಟ್ 10ರಲ್ಲಿ ‘ಮಿನಿಮಲ್’ ಬದಲು ‘ಲೋಕಲ್’.

ನಿಜಕ್ಕೂ ನೆಟ್‌ವರ್ಕ್ ಲಾಗಿನ್ ಬೇಕಿದ್ದರೆ

ನಮ್ಮ ಲ್ಯಾಬಿನಂಥ ಕಡೆ ಬೇಕೇ ಬೇಕು. ಹುಡುಗ ಯಾವ ಕಂಪ್ಯೂಟರಿಗೆ ಕೂತರೂ ಅವನ ಫೈಲ್ ಅವನಿಗೆ ಸಿಗಬೇಕಲ್ವಾ. ಆದರೆ ಹಳೆಯ ‘ಲಿಬ್‌ಎನ್‌ಎಸ್‌ಎಸ್-ಎಲ್‌ಡ್ಯಾಪ್’ ಅನ್ನು ಹೊಸದಾಗಿ ಯಾರೂ ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಇಡೀ ಎಲ್‌ಡ್ಯಾಪ್ ಸರಂಜಾಮನ್ನು ಪ್ರತಿ ಪ್ರೋಗ್ರಾಮಿನೊಳಗೂ ತುಂಬುತ್ತದೆ. ಸರ್ವರ್ ಸಿಗದಿದ್ದರೆ ಬೂಟ್ ಆಗುವಾಗಲೇ ಮತ್ತೆ ಮತ್ತೆ ಕೇಳುತ್ತಾ ಕೂರುತ್ತದೆ. ಅದನ್ನೇ ಇಟ್ಟುಕೊಳ್ಳಬೇಕಾದ ಅನಿವಾರ್ಯ ಇದ್ದರೆ ಅದರ ಸೆಟ್ಟಿಂಗ್ ಫೈಲಿನಲ್ಲಿ ‘ಬೈಂಡ್_ಪಾಲಿಸಿ ಸಾಫ್ಟ್’ ಬರೆಯಿರಿ. ಡೆಬಿಯನ್ ಕಡೆ ಆ ಫೈಲ್ ‘/ಇಟಿಸಿ/ಲಿಬ್‌ಎನ್‌ಎಸ್‌ಎಸ್-ಎಲ್‌ಡ್ಯಾಪ್.ಕಾನ್ಫ್’. ‘/ಇಟಿಸಿ/ಎಲ್‌ಡ್ಯಾಪ್/ಎಲ್‌ಡ್ಯಾಪ್.ಕಾನ್ಫ್’ ಬೇರೆಯೇ ಫೈಲ್, ಅದು ಎಲ್‌ಡ್ಯಾಪ್ ಸರ್ಚ್‌ನಂಥ ಸಾಧನಗಳಿಗೆ. ಈ ಎರಡನೆಯದರಲ್ಲಿ ಬರೆದು ಲೈಬ್ರರಿ ಓದುತ್ತದೆ ಅಂತ ಕಾಯುವವರು ಬಹಳ.

ಹಳೆಯದರ ಬದಲು ಎಸ್‌ಎಸ್‌ಎಸ್‌ಡಿ ಅನ್ನುವ ಲಾಗಿನ್ ಸೇವೆ ಹಾಕಿ. ಅದರಲ್ಲಿ ಪ್ರೋಗ್ರಾಮಿನೊಳಗೆ ಬರುವುದು ಚಿಕ್ಕ ಲೈಬ್ರರಿ. ಸರ್ವರ್ ಜೊತೆ ಮಾತಾಡುವ ಭಾರದ ಕೆಲಸ ಬೇರೆ ಸೇವೆಯದು. ಆ ಸೇವೆ ಓಡದಿದ್ದರೂ ಚಿಕ್ಕ ಲೈಬ್ರರಿ ‘ಸಿಗಲಿಲ್ಲ’ ಅಂತ ಹೇಳಿ ಮರಳುತ್ತದೆ. ‘ಎಲ್‌ಎಸ್’ ಬದುಕುತ್ತದೆ. ಅದರ ‘/ಇಟಿಸಿ/ಎಸ್‌ಎಸ್‌ಎಸ್‌ಡಿ/ಎಸ್‌ಎಸ್‌ಎಸ್‌ಡಿ.ಕಾನ್ಫ್’ ಫೈಲಿನ ಮಾಲೀಕ ಸಾಮಾನ್ಯವಾಗಿ ರೂಟ್ ಆಗಿರಬೇಕು, ಅನುಮತಿ 600 (ಮಾಲೀಕ ಮಾತ್ರ ಓದಿ ಬರೆಯುವ ಹಾಗೆ) ಇರಬೇಕು. ಎಲ್ಲರೂ ಓದುವ ಹಾಗಿದ್ದರೆ ಸೇವೆ ಶುರುವಾಗುವುದೇ ಇಲ್ಲ. ಪಾಸ್‌ವರ್ಡ್ ನೋಡಲು ಸಂಪರ್ಕ ಗುಪ್ತವಾಗಿರಲೇಬೇಕು ಅಂತಲೂ ಅದು ಹಟ ಹಿಡಿಯುತ್ತದೆ. 389 ಪೋರ್ಟಿನಲ್ಲಿ ಸಂಪರ್ಕವನ್ನು ಗುಪ್ತ ಮಾಡುವ ಸ್ಟಾರ್ಟ್‌ಟಿಎಲ್‌ಎಸ್, ಇಲ್ಲವೇ ಮೊದಲಿನಿಂದಲೇ ಗುಪ್ತವಾದ 636. ಈ ಹಟ ನನಗೆ ಇಷ್ಟ. ‘ಕ್ಯಾಶ್_ಕ್ರೆಡೆನ್ಶಿಯಲ್ಸ್ = ಟ್ರೂ’ ಸೇರಿಸಿ. ಸರ್ವರ್ ಕೋಣೆಯ ಕರೆಂಟ್ ಹೋದಾಗಲೂ ಒಮ್ಮೆ ಲಾಗಿನ್ ಆಗಿದ್ದ ಹುಡುಗರು ಒಳಗೆ ಬರಬಹುದು. ಬರೆದಾದ ಮೇಲೆ ‘ಎಸ್‌ಎಸ್‌ಎಸ್‌ಸಿಟಿಎಲ್ ಕಾನ್ಫಿಗ್-ಚೆಕ್’ ಕೊಟ್ಟರೆ ತಪ್ಪು ಸಾಲುಗಳನ್ನು ಅದೇ ಹೇಳುತ್ತದೆ.

ಕೆರ್ಬೆರೋಸ್ ಅನ್ನುವ ನೆಟ್‌ವರ್ಕ್ ಲಾಗಿನ್ ಪದ್ಧತಿ ಬಳಸುವವರು ಗಡಿಯಾರ ನೋಡಿಕೊಳ್ಳಿ. ಸರ್ವರ್‌ಗೂ ಕಂಪ್ಯೂಟರ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸಾಮಾನ್ಯವಾಗಿ ಲಾಗಿನ್ ಆಗುವುದಿಲ್ಲ. ಹಳೆಯ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತು ಗಡಿಯಾರ ತಪ್ಪಿರುತ್ತದೆ.

ಎಲ್ಲ ತಿದ್ದಿದ ಮೇಲೆ ಈ ಟರ್ಮಿನಲ್ ಮುಚ್ಚದೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಇನ್ನೊಂದು ಕಡೆ ಲಾಗಿನ್ ಆಗಿ ನೋಡಿ. ‘ಸುಡೊ -ಐ’ ಓಡಬೇಕು, ‘ಐಡಿ’ ನಿಮ್ಮ ಹೆಸರಿನೊಂದಿಗೆ ಓಡಬೇಕು, ಇಲ್ಲದ ನಂಬರಿನ ‘ಗೆಟೆಂಟ್’ ಸುಮ್ನೆ ಮರಳಬೇಕು. ಮೂರೂ ಆದರೆ ಮಾತ್ರ ರೀಬೂಟ್ ಮಾಡಿ. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಇಮೇಜ್ (ಇಡೀ ಡಿಸ್ಕಿನ ನಕಲು) ಹಾಕಿದ್ದರೆ ಆ ಮೂಲ ಇಮೇಜನ್ನೂ ಇವತ್ತೇ ತಿದ್ದಿಡಿ. ಇಲ್ಲದಿದ್ದರೆ ಮುಂದಿನ ಸಲ ಇಮೇಜ್ ಹಾಕಿದಾಗ ಅದೇ ‘ಎಲ್‌ಡ್ಯಾಪ್’ ಪದ ಎಲ್ಲ ಕಂಪ್ಯೂಟರಿಗೂ ಮತ್ತೆ ಬರುತ್ತದೆ.